ನೆಲಮಾಳಿಗೆಯ ಮೂರನೇ ಸೈಕಲ್

ಟೈಲರಮ್ಮ ಸೈಕಲ್ ಮೇಲೆ ಕೂತ ಕೂಡಲೇ ಬಲಗೈ ಚಾಚಿ, ಗಾಳಿಯಲ್ಲಿ ಏನನ್ನೋ ಒಂದು ಸಲ ತಮ್ಮ ಕಡೆಗೆ ತಿರುಗಿಸುತ್ತಿದ್ದರು. ಅಲ್ಲಿ ಏನೂ ಇರುತ್ತಿರಲಿಲ್ಲ. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ದೇಹ ಅದು. ಮೊದಲು ಕೈಯಿಂದ ಚಕ್ರಕ್ಕೊಂದು ತಿರುವು ಕೊಡದೆ ಕಾಲು ಶುರು ಮಾಡುವುದು ಅವರಿಗೆ ಗೊತ್ತೇ ಇರಲಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಿಕ್ಕಿದ್ದು ನಡೆದದ್ದು ನನ್ನ ಅಕ್ಕನಿಗೆ, ಅಂದರೆ ದೊಡ್ಡಮ್ಮನ ಮಗಳಿಗೆ. ದೀಪ ಆರಿಸಿ ಕೇಳಿ, ಹಾಕಿಕೊಂಡೇ ಕೇಳಿ, ನಿಮ್ಮಿಷ್ಟ. ನಿಮ್ಮನ್ನು ಹೆದರಿಸುವ ಆಸೆ ನನಗಿಲ್ಲ. ನನಗೆ ಸಿಟ್ಟು ಬಂದಿದೆ, ಅಷ್ಟೇ. ನಾಲ್ಕು ಜನರ ಮುಂದೆ ಬಾಯಿ ಬಿಡಲಾಗದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ, ಬೇರೆ ಯಾರಾದರೂ ಓದಿ ಹೇಳಲಿ.

ಅಕ್ಕ ಕೆಲಸಕ್ಕಿದ್ದದ್ದು ವಯಸ್ಸಾದವರ ವ್ಯಾಯಾಮ ಕೇಂದ್ರದಲ್ಲಿ. ಹೆಸರು ದೊಡ್ಡದು, ಜಾಗ ಒಂದು ನೆಲಮಾಳಿಗೆ. ಇಳಿಯಲು ಇಳಿಜಾರು. ಒಳಗೆ ಸಾಲಾಗಿ ಆರು ಸೈಕಲ್. ರಸ್ತೆಯಲ್ಲಿ ಓಡುವಂಥದ್ದಲ್ಲ, ಕುರ್ಚಿಯ ಹಾಗೆ ಒರಗಿ ಕೂತು, ಮುಂದಿರುವ ಪೆಡಲ್ ತುಳಿಯುವಂಥದ್ದು. ಮೊಣಕಾಲು ಸವೆದವರು, ಸೊಂಟದ ಆಪರೇಷನ್ ಆದವರು, ಲಕ್ವ ಹೊಡೆದು ಒಂದು ಪಕ್ಕ ಸೋತವರು ಅಲ್ಲಿಗೆ ಬರುತ್ತಿದ್ದರು. ನಡೆಯಲಾಗದವರೂ ಕೂತು ತುಳಿಯಬಹುದು. ದಿನಕ್ಕೆ ಹತ್ತು ನಿಮಿಷ, ಮಾತಾಡುತ್ತಾ ತುಳಿಯುವಷ್ಟು ಹಗುರಾಗಿ, ಅಂತ ವಾರಕ್ಕೊಮ್ಮೆ ಬರುವ ಡಾಕ್ಟರು ಹೇಳಿದ್ದರು. ಮಾತಾಡುವುದನ್ನಂತೂ ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

“ರೈಟ್, ರೈಟ್! ಮುಂದೆ ಹೋಗಿ, ಮುಂದೆ ಜಾಗ ಇದೆ!” ಅಂತ ಕೂಗುತ್ತಿದ್ದದ್ದು ಕಂಡಕ್ಟರ್ ತಾತ. ಬಸ್ಸಿನ ಕೆಲಸ ಬಿಟ್ಟು ಹದಿನೈದು ವರ್ಷವಾಗಿತ್ತು, ಬಾಯಿ ಇನ್ನೂ ಡ್ಯೂಟಿಯಲ್ಲೇ ಇತ್ತು.

“ಆರು ತಿಂಗಳಿಂದ ಇದೇ ಸ್ಟಾಪಲ್ಲಿದೀವಲ್ಲ ಕಂಡಕ್ಟರೇ,” ಅನ್ನುತ್ತಿದ್ದರು ಟೈಲರಮ್ಮ, ಅರ್ಧ ಬಾಯಲ್ಲಿ. ಲಕ್ವದಿಂದ ಅವರ ಬಾಯಿಯ ಎಡಗಡೆ ಜೋತುಬಿದ್ದಿತ್ತು, ದನಿ ಪಿಸುಮಾತಿಗಿಂತ ಮೇಲೆ ಏಳುತ್ತಿರಲಿಲ್ಲ. “ಟಿಕೆಟ್ ದುಡ್ಡು ವಾಪಸ್ ಕೊಡಿ.”

ಅವರದು ಮೂರನೇ ಸೈಕಲ್. ಎಡಗಾಲು ಪೆಡಲಿನಿಂದ ಜಾರಿಬಿಡುತ್ತಿತ್ತು. ಪಾದ ಹಿಡಿದಿಡುವ ರಬ್ಬರ್ ಪಟ್ಟಿಗಳು ಹರಿದು ನಾಲ್ಕು ತಿಂಗಳಾಗಿದ್ದರೂ ಹೊಸದು ಬರಲಿಲ್ಲ. ಕೊನೆಗೆ ಟೈಲರಮ್ಮನೇ ಮನೆಯಿಂದ ದಪ್ಪ ಕ್ಯಾನ್ವಾಸ್ ತಂದು, ಮಗಳ ಕೈಲಿ ಕತ್ತರಿಸಿ, ಬಲಗಾಲಲ್ಲೇ ಮಿಷನ್ ತುಳಿದು, ಆರೂ ಸೈಕಲ್ಲಿಗೆ ಪಟ್ಟಿ ಹೊಲಿದು ಕೊಟ್ಟರು. ಕೆಂಪು ದಾರ, ಎರಡೆರಡು ಹೊಲಿಗೆ. ಪಾದದ ಮೇಲಿಂದ ಹಾದು ಹಿಮ್ಮಡಿಯ ಹಿಂದೆ ಬಕಲ್.

“ನಾನು ಹೊಲಿದಿದ್ದು ಬಿಚ್ಚಲ್ಲ ತಾಯೀ,” ಅಂದಿದ್ದರಂತೆ ಅಕ್ಕನಿಗೆ. “ಆನೆ ಕಟ್ಟು ಬೇಕಿದ್ರೆ.”

ಕಟ್ಟುವುದೂ ಬಿಚ್ಚುವುದೂ ಅಕ್ಕನ ಕೆಲಸ. ಸೊಂಟದ ಆಪರೇಷನ್ ಆದವರು ಬಗ್ಗಬಾರದು. ಟೈಲರಮ್ಮನ ಕೈ ಮೊಣಕಾಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಹತ್ತು ನಿಮಿಷ ಆದಮೇಲೆ ಅವರು ಕೂಗುತ್ತಿರಲಿಲ್ಲ, ಗದರುತ್ತಿರಲಿಲ್ಲ. ತಲೆ ಒಂದಿಷ್ಟು ತಿರುಗಿಸಿ ಕೇಳುತ್ತಿದ್ದರು: “ತಾಯೀ... ಸ್ವಲ್ಪ ಪಟ್ಟಿ ಬಿಚ್ತೀಯಾ?” ಪ್ರತಿದಿನ ಅದೇ ಮಾತು. ಅಕ್ಕ ಅವರಿಗಿಂತ ನಲವತ್ತೈದು ವರ್ಷ ಚಿಕ್ಕವಳು.

ಈಗ ಮ್ಯಾನೇಜರ್ ವಿಷಯ. ಅವನನ್ನು ‘ಅವನು’ ಅಂತಲೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ದೊಡ್ಡವರಿಗೆ ಬಹುವಚನ ಅಂತ ಮನೆಯಲ್ಲಿ ಕಲಿಸಿದ್ದಾರೆ. ಎದುರಿಗೆ ಸಿಕ್ಕರೆ ಇವತ್ತಿಗೂ ಬಾಯಿಗೆ ‘ಸರ್’ ಅಂತಲೇ ಬರುತ್ತದೆ. ಅದಕ್ಕೇ ಇನ್ನಷ್ಟು ಸಿಟ್ಟು.

ಅವನು ಮಾಡಿದ ಒಂದು ನಿಯಮ ಇತ್ತು. ಬಾಗಿಲ ಪಕ್ಕದ ಗೋಡೆಗೆ ಕೊಕ್ಕೆಗಳ ಸಾಲು. ಬಂದವರು ಊರುಗೋಲನ್ನು ಅಲ್ಲಿ ತೂಗುಹಾಕಬೇಕು. ಒಳಗೆ ತಂದರೆ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಸೈಕಲ್ಲಿಗೆ ಅಕ್ಕ ಕೈಹಿಡಿದು ಕರೆದೊಯ್ಯುತ್ತಿದ್ದಳು. ಕೋಲಿಲ್ಲದೆ ಅಲ್ಲಿಗೆ ಬರುವವರು ಯಾರೂ ಇಲ್ಲ, ಕೋಲಿಲ್ಲದೆ ಹೋಗುವವರೂ ಇಲ್ಲ. ಹಾಗಾಗಿ ಕೊಕ್ಕೆಗಳ ಮೇಲೊಂದು ಬೋರ್ಡು: ‘ಕೊಕ್ಕೆಗಳು ಖಾಲಿ ಇದ್ದರೆ ಬೀಗ ಹಾಕಿ.’ ಒಳಗೆ ಹೋಗಿ ನೋಡುವ ಕೆಲಸ ಉಳಿಯಿತು. ಎಷ್ಟು ಹೆಜ್ಜೆ ಉಳಿಯಿತು ಗೊತ್ತಾ? ನಾನು ಎಣಿಸಿದ್ದೇನೆ. ಬಾಗಿಲಿನಿಂದ ಮೂರನೇ ಸೈಕಲ್ ಕಾಣುವ ತಿರುವಿಗೆ ಹನ್ನೊಂದು ಹೆಜ್ಜೆ.

ಆ ದಿನ ಕಂಡಕ್ಟರ್ ತಾತನನ್ನು ಮಗ ಗಾಡಿಯಲ್ಲಿ ತಂದು ಬಿಟ್ಟಿದ್ದ. ಕೋಲು ಗಾಡಿಯಲ್ಲೇ ಉಳಿದುಹೋಯಿತು. ವಾಪಸ್ ನಡೆದು ಹೋಗಬೇಕು, ಹೇಗೆ?

“ನನ್ನ ಕೋಲು ತಗೊಂಡ್ಹೋಗಿ, ನಾಳೆ ತನ್ನಿ,” ಅಂದರು ಟೈಲರಮ್ಮ. ಆಗಷ್ಟೇ ಸೈಕಲ್ ಮೇಲೆ ಕೂತಿದ್ದರು. “ನನ್ನ ಕೈ ಹಿಡಿಯೋಕೆ ಈ ಹುಡುಗಿ ಇದಾಳೆ.”

“ನಾಳೆ ತರದಿದ್ರೆ?”

“ನಿಮ್ಮ ಪ್ಯಾಂಟಿಗೆ ಜೇಬೇ ಇಡಲ್ಲ, ಹುಷಾರ್.”

ತಾತ ನಗುತ್ತಾ ಇಳಿಜಾರು ಹತ್ತಿ ಹೋದರು. ಮಿಕ್ಕವರೂ ಹೋದರು. ಅಕ್ಕ ಟೈಲರಮ್ಮನ ಎರಡೂ ಪಾದಕ್ಕೆ ಪಟ್ಟಿ ಕಟ್ಟಿ ಏಳುತ್ತಿದ್ದಳು, ಬಾಗಿಲಿನಿಂದಲೇ ಮ್ಯಾನೇಜರ್ ಕೂಗಿದ. ಮರುದಿನ ಯಾರೋ ದೊಡ್ಡವರು ಕೇಂದ್ರ ನೋಡಲು ಬರುವವರಿದ್ದರು. ಬ್ಯಾನರ್ ಅಂಗಡಿ ಬಾಗಿಲು ಹಾಕುವುದರೊಳಗೆ ಹೋಗಿ ತರಬೇಕು. ಹಾಗೇ ಮನೆಗೆ ಹೋಗಲಿ, ಬ್ಯಾನರ್ ಬೆಳಿಗ್ಗೆ ತಂದರಾಯಿತು.

“ಅಜ್ಜಿ ಒಬ್ರು ಇದಾರೆ ಸರ್. ಬಿಚ್ಚೋಕೆ...”

“ನಾನಿಲ್ವಾ? ನೀನು ಹೊರಡು ಮೊದ್ಲು.” ಕಿವಿಗೆ ಫೋನ್ ಇತ್ತು. ಅಕ್ಕನ ಕಡೆ ನೋಡಲೂ ಇಲ್ಲ.

ಅಕ್ಕ ಹೊರಟಳು.

ಆರೂವರೆಗೆ ಅವನು ಫೋನ್ ಇಟ್ಟ. ಕೊಕ್ಕೆಗಳನ್ನು ನೋಡಿದ. ಖಾಲಿ. ಮೇನ್ ಸ್ವಿಚ್ ಆರಿಸಿದ. ಬೀಗ ಹಾಕಿದ.

ಕೂಗಬಾರದಿತ್ತೇ ಅಂತ ಕೇಳಿದವರಿದ್ದಾರೆ. ಆ ದನಿಯಲ್ಲಿ? ಫೋನ್ ಇರಲಿಲ್ಲವೇ ಅಂದರು. ಇತ್ತು. ಹಿಂದಿನ ಗೋಡೆಗೆ ತೂಗುಹಾಕಿದ ಚೀಲದಲ್ಲಿ. ತುಳಿಯುವಾಗ ಫೋನ್ ಕೂಡದು ಅನ್ನುವುದೂ ಅವನದೇ ಬೋರ್ಡು. ಟೈಲರಮ್ಮನ ಮಗಳು ನರ್ಸು, ಅವತ್ತು ರಾತ್ರಿ ಪಾಳಿ. ಬಿಡುವಾದಾಗಲೆಲ್ಲ ಫೋನ್ ಮಾಡಿದ್ದಾಳೆ, ಅಮ್ಮ ಬೇಗ ಮಲಗಿರಬೇಕು ಅಂದುಕೊಂಡಿದ್ದಾಳೆ. ಆ ಕತ್ತಲಲ್ಲಿ ಬೆನ್ನ ಹಿಂದೆ ಒಂಬತ್ತು ಸಲ ಮಗಳ ಫೋನ್ ಹೊಡೆದುಕೊಂಡಿದೆ. ಕೇಳಿಸಿಕೊಂಡು ಕೂತಿದ್ದಾರೆ.

ಬೆಳಿಗ್ಗೆ ಪಾಳಿ ಮುಗಿಸಿ ಬಂದ ಮಗಳು ಮನೆ ಬೀಗ ನೋಡಿ ನೇರ ಕೇಂದ್ರಕ್ಕೆ ಓಡಿದಳು. ಮ್ಯಾನೇಜರ್ ಬೀಗ ತೆಗೆದ. ಅಕ್ಕ ಬ್ಯಾನರ್ ಹಿಡಿದು ಅವರ ಹಿಂದೆಯೇ ಬಂದಳು. ಟೈಲರಮ್ಮ ಮೂರನೇ ಸೈಕಲ್ಲಿನ ಬೆನ್ನೊರಗಿಗೆ ತಲೆಯಿಟ್ಟು ಕೂತಿದ್ದರು. ತಣ್ಣಗಾಗಿದ್ದರು. ಎರಡೂ ಪಾದ ಪಟ್ಟಿಯಲ್ಲೇ ಇದ್ದವು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಮಗಳು ಅಮ್ಮನನ್ನು ತಬ್ಬಿಕೊಂಡಳು. ಅವಳ ಕಾಲು ತಾಗಿ ಪೆಡಲ್ ಅರ್ಧ ಸುತ್ತು ಅಲುಗಿತು. ಮೀಟರ್ ಹೊತ್ತಿಕೊಂಡಿತು.

ಆ ಮೀಟರ್ ಹೇಗೆ ಅಂದರೆ, ಅದಕ್ಕೆ ಕರೆಂಟ್ ಬೇಡ, ತುಳಿದರೆ ಹಸಿರು ಬೆಳಕು. ನಿಲ್ಲಿಸಿದರೆ ಐದು ಎಣಿಸುವಷ್ಟರಲ್ಲಿ ಕತ್ತಲು. ಮತ್ತೆ ತುಳಿದರೆ ಬಿಟ್ಟಲ್ಲಿಂದಲೇ ಅಂಕೆ. ಯಾರೇ ಹೊಸದಾಗಿ ಕೂತರೂ ಅಕ್ಕ ಮೊದಲು ಗುಂಡಿ ಒತ್ತಿ ಸೊನ್ನೆ ಮಾಡುತ್ತಿದ್ದಳು. ಟೈಲರಮ್ಮ ದಿನಕ್ಕೆ ಒಂದು ಕಿಲೋಮೀಟರ್ ದಾಟಿದವರಲ್ಲ. ಆಗ ಅಲ್ಲಿ ಇದ್ದದ್ದು ಇಪ್ಪತ್ತಾರು ಪಾಯಿಂಟ್ ನಾಲ್ಕು.

ಆ ಕೋಣೆಯಲ್ಲಿ ಇದ್ದದ್ದು ಅದೊಂದೇ ಬೆಳಕು. ಅದು ಆರದೇ ಇರಲಿ ಅಂತ ರಾತ್ರಿಯೆಲ್ಲಾ ತುಳಿದಿದ್ದಾರೆ. ಸೋತ ಕಾಲಲ್ಲಿ.

ಅಕ್ಕನಿಗೆ ಅದು ಅರ್ಥವಾಗುವುದರೊಳಗೆ ಮ್ಯಾನೇಜರ್ ಮುಂದೆ ಬಂದು ಮೀಟರಿನ ಗುಂಡಿ ಒತ್ತಿದ. ಟಿಕ್. ಸೊನ್ನೆ. ಮಗಳ ಮುಖ ಅಮ್ಮನ ಎದೆಯಲ್ಲಿತ್ತು, ಅವಳು ನೋಡಲಿಲ್ಲ. ಅಕ್ಕ ನೋಡಿದಳು. ಅಕ್ಕ ನೋಡಿದ್ದನ್ನು ಅವನೂ ನೋಡಿದ.

ಮಧ್ಯಾಹ್ನದ ಹೊತ್ತಿಗೆ ಕತೆ ತಯಾರು. ಅಜ್ಜಿ ಐದಕ್ಕೇ ಹೋದರು. ಚೀಲ ಮರೆತಿದ್ದಕ್ಕೆ ವಾಪಸ್ ಬಂದಿರಬೇಕು. ತಾವೇ ಸೈಕಲ್ ಹತ್ತಿರಬೇಕು. ವಯಸ್ಸಾಗಿತ್ತು, ಮರೆವು. ಕೋಲು ಕೊಕ್ಕೆಯಲ್ಲಿ ಇರಲಿಲ್ಲವಲ್ಲ, ಅಂದಮೇಲೆ ಒಳಗೆ ಇರಲಿಲ್ಲ ಅಂತ ತಾನೇ? ಕಂಡಕ್ಟರ್ ತಾತ ಆ ಕೋಲನ್ನು ಎರಡು ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬಂದು ಕೊಟ್ಟರು. ಏನೋ ಹೇಳಲು ಬಾಯಿ ತೆರೆದರು. “ನೀವು ಸುಮ್ನಿರಿ ತಾತ, ನಿಮಗೂ ಮರೆವು,” ಅಂದ ಮ್ಯಾನೇಜರ್. ತಾತ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇನ್ನು ಬೇಕಿದ್ದದ್ದು ಅಕ್ಕನ ಸಹಿ. ‘ಅಜ್ಜಿ ಐದಕ್ಕೆ ಹೋದದ್ದನ್ನು ನಾನು ಕಂಡೆ’ ಅಂತ ಒಂದು ಹೇಳಿಕೆ.

“ನಿನ್ನ ತಂಗಿ ಇಂಗ್ಲಿಷ್ ಮೀಡಿಯಂ ಅಲ್ವಾ? ಅವಳ ಕೈಲಿ ಚೆನ್ನಾಗಿ ಬರೆಸಿಕೊಂಡು ಬಾ,” ಅಂದನಂತೆ. “ಪಟ್ಟಿ ಕಟ್ಟಿದ್ದು ನೀನು, ನೆನಪಿರಲಿ.”

ಬರೆದವಳು ನಾನೇ. ಹೌದು. ಅಕ್ಕ ಬಂದು ಅಳುತ್ತಾ ಕೂತಳು, ಕೆಲಸ ಹೋಗುತ್ತದೆ ಅಂದಳು, ಕೇಸು ತನ್ನ ತಲೆಗೇ ಬರುತ್ತದೆ ಅಂದಳು. ನಾನು ಟೈಪ್ ಮಾಡಿದೆ. ಒಂದು ಸ್ಪೆಲ್ಲಿಂಗ್ ತಪ್ಪಿಲ್ಲ. ಶಾಲೆಯಲ್ಲಿ ಹತ್ತಕ್ಕೆ ಹತ್ತು ತೆಗೆದವಳ ಕೈ ಅದು. ರಾತ್ರಿ ಹತ್ತೂವರೆಗೆ ಅಕ್ಕ ಆ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು ಹೊರಟಳು. ಬೆಳಿಗ್ಗೆ ಸಹಿ ಹಾಕಿ ಕೊಟ್ಟರಾಯಿತು.

ಅವಳ ಮನೆಗೆ ಹತ್ತಿರದ ದಾರಿ ಕೇಂದ್ರದ ಹಿಂದಿನ ಓಣಿ. ಅಲ್ಲೊಂದು ಹಾಳುಬಾವಿ ಇದೆ, ಕಬ್ಬಿಣದ ಜಾಲರಿ ಹಾಕಿದ್ದಾರೆ. ಬಾವಿ ದಾಟಿದರೆ ಕಟ್ಟಡದ ಗೋಡೆ. ನೆಲಮಾಳಿಗೆಯ ಗಾಳಿಕಿಂಡಿಗಳು ರಸ್ತೆಯ ಮಟ್ಟದಲ್ಲಿ, ಕಾಲ ಗಂಟಿನ ಎತ್ತರದಲ್ಲಿವೆ.

ಮೊದಲು ಸದ್ದು. ಬಾವಿಯೊಳಗಿನಿಂದ ಬರುತ್ತಿದೆ ಅನ್ನಿಸಿತಂತೆ. ಗರ್ರ್... ಗರ್ರ್... ಟಕ್. ಗರ್ರ್... ಗರ್ರ್... ಟಕ್.

ಆ ‘ಟಕ್’ ಅಕ್ಕನಿಗೆ ಗೊತ್ತು. ಎಡಗಡೆ ಪಟ್ಟಿಯ ಬಕಲ್, ಪ್ರತಿ ಸುತ್ತಿಗೆ ಸೈಕಲ್ಲಿನ ಕಬ್ಬಿಣಕ್ಕೆ ಬಡಿಯುವ ಸದ್ದು. ಮೂರನೇ ಸೈಕಲ್ ಬಿಟ್ಟು ಬೇರೆ ಯಾವುದೂ ಹಾಗೆ ಸದ್ದು ಮಾಡುತ್ತಿರಲಿಲ್ಲ.

ಎರಡನೇ ಕಿಂಡಿಯಿಂದ ಅವಳ ಚಪ್ಪಲಿಯ ಮೇಲೆ ಬೆಳಕು ಬಿತ್ತು. ಹಸಿರು.

ಅಕ್ಕ ಮಂಡಿಯೂರಿ ಬಗ್ಗಿದಳು. ಒಳಗೆ ಕಪ್ಪು ಕತ್ತಲು, ಅಂಗೈಯಗಲ ಹಸಿರು. ಅದರ ಪಕ್ಕ ಒಂದು ಕೈ. ಬಲಗೈ... ಗಾಳಿಯಲ್ಲಿ ಏನನ್ನೋ ತನ್ನ ಕಡೆಗೆ ತಿರುಗಿಸಿತು.

“ಯಾರು...?”

ಸದ್ದು ನಿಂತಿತು.

“ಇನ್ನೂ ಎಷ್ಟೊತ್ತು ತಾಯೀ?”

“ಅಜ್ಜೀ...”

“ಕಾಲು ಸೋತಿದೆ.”

ಒಂದು... ಎರಡು... ಮೂರು... ನಾಲ್ಕು... ಐದು. ಬೆಳಕು ಆರಿತು. ಕತ್ತಲಲ್ಲಿ, ಕಿಂಡಿಗೆ ತೀರಾ ಹತ್ತಿರದಿಂದ:

“ಸ್ವಲ್ಪ ಪಟ್ಟಿ ಬಿಚ್ತೀಯಾ?”

ಅಕ್ಕನ ಹತ್ತಿರ ಬೀಗದಕೈ ಇರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದಳೇ? “ಗೊತ್ತಿಲ್ಲ ಕಣೇ,” ಅನ್ನುತ್ತಾಳೆ. ಮನೆಗೆ ಹೇಗೆ ಬಂದಳೋ ಅದೂ ಗೊತ್ತಿಲ್ಲ. ಚೀಲ ಎದೆಗೆ ಅವಚಿಕೊಂಡೇ ಬೆಳಗಾಗುವವರೆಗೆ ಕೂತಿದ್ದಳು. ಬೆಳಿಗ್ಗೆ ಕಾಗದ ತೆಗೆದು ಬಿಚ್ಚಿ ನೋಡಿದರೆ... ಸಹಿ ಹಾಕುವ ಜಾಗದ ಮೇಲೆ ಕೆಂಪು ದಾರದ ಹೊಲಿಗೆ. ಒಂದೇ ಅಳತೆಯ ಸಣ್ಣ ಸಣ್ಣ ಹೊಲಿಗೆ, ಎರಡು ಸಾಲು. ಪೆನ್ನಿನ ಮೊನೆ ಇಡಲು ಜಾಗವಿಲ್ಲ.

ಆ ಕಾಗದ ಈಗ ನನ್ನ ಹತ್ತಿರ ಇದೆ. ನಗುವವರು ಬಂದು ನೋಡಬಹುದು. ದಾರ ಎಳೆದರೂ ಬರುವುದಿಲ್ಲ.

ಆ ವಾರದಲ್ಲಿ ಓಣಿಯ ಇನ್ನೂ ಮೂರು ಜನ ಆ ಸದ್ದು ಕೇಳಿದರು. ಮ್ಯಾನೇಜರ್ ಏನು ಮಾಡಿದ ಗೊತ್ತಾ? ದೆವ್ವ ಇರುವುದು ಬಾವಿಯಲ್ಲಿ ಅಂತ ತಾನೇ ಹೇಳಿಕೊಂಡು ತಿರುಗಿದ. ಎಂದೋ ಯಾವ ಕಾಲದಲ್ಲೋ ಯಾರೋ ಬಿದ್ದಿದ್ದರಂತೆ. ಬಾವಿಯ ದೆವ್ವ ಎಲ್ಲರಿಗೂ ಅನುಕೂಲ ನೋಡಿ. ಬಾವಿಗೆ ಮ್ಯಾನೇಜರ್ ಇರುವುದಿಲ್ಲ. ಬೀಗ ಹಾಕಿದ್ದು ಯಾರು ಅಂತ ಬಾವಿಯನ್ನು ಯಾರೂ ಕೇಳುವುದಿಲ್ಲ.

ಅಕ್ಕ ಸಹಿ ಹಾಕಲಿಲ್ಲ. ನಾನು ಇನ್ನೊಂದು ಕಾಗದ ಬರೆದೆ, ಈ ಸಲ ಕನ್ನಡದಲ್ಲಿ. ಕೋಲು ಕೊಟ್ಟದ್ದು, ‘ನಾನಿಲ್ವಾ’ ಅಂದದ್ದು, ಇಪ್ಪತ್ತಾರು ಪಾಯಿಂಟ್ ನಾಲ್ಕು, ಗುಂಡಿ ಒತ್ತಿದ್ದು, ಎಲ್ಲವನ್ನೂ. ಕಾಗುಣಿತದ ತಪ್ಪು ಹತ್ತಾರು ಇದ್ದವು. ಅಕ್ಕ ಅದಕ್ಕೆ ಸಹಿ ಹಾಕಿ ಟೈಲರಮ್ಮನ ಮಗಳ ಕೈಗೆ ಕೊಟ್ಟಳು. ಮಗಳು ಎರಡು ಸಲ ಓದಿದಳು. ಗುಂಡಿ ಒತ್ತಿದ ಸಾಲಿನ ಮೇಲೆ ಬೆರಳಿಟ್ಟು ಮೂರನೇ ಸಲ ಓದಿದಳು.

“ಅಮ್ಮನ ಚೀಲ ಇನ್ನೂ ಅಲ್ಲೇ ಇದೆ,” ಅಂದಳು. “ತರೋಣ ಬಾ.”

ಇಬ್ಬರೂ ಹೋದಾಗ ಸಂಜೆ ಆರು ದಾಟಿತ್ತು. ಮ್ಯಾನೇಜರ್ ಒಬ್ಬನೇ ಇದ್ದ. ಕಾಗದ ನೋಡಿ ನಕ್ಕ.

“ನೋಡಮ್ಮ, ನಿನ್ನ ದುಃಖ ನನಗರ್ಥ ಆಗುತ್ತೆ. ಆದ್ರೆ ಪಟ್ಟಿ ಬಿಚ್ಚೋದು ಏನು ಮಹಾ? ಅವರೇ ಬಿಚ್ಕೊಂಡು ಬರಬಹುದಿತ್ತು.”

“ಅಮ್ಮನಿಗೆ ಬಗ್ಗೋಕೆ ಆಗ್ತಿರಲಿಲ್ಲ.”

“ಮನಸ್ಸಿದ್ರೆ ಆಗುತ್ತೆ.”

“ಕೂತು ತೋರಿಸಿ,” ಅಂದಳು ಮಗಳು. ದನಿ ಏರಲಿಲ್ಲ. ರೋಗಿಗೆ ಅಂಗಿ ಮೇಲೆತ್ತಿ ಅನ್ನುವ ಹಾಗೆ ಅಂದಳಂತೆ. “ನೀವೇ ಬಿಚ್ಕೊಂಡು ಇಳಿದ್ರೆ ಈ ಕಾಗದ ಇಲ್ಲೇ ಹರಿದು ಹಾಕ್ತೀನಿ.”

ಐವತ್ತು ದಾಟದ ಗಟ್ಟಿ ಆಳು. ಅವನಿಗೇನು? ಫೋನನ್ನು ಆಚೆ ಕೊನೆಯ ಸೈಕಲ್ ಮೇಲಿಟ್ಟು, ಮೂರನೇ ಸೈಕಲ್ಲಿನಲ್ಲಿ ಧಪ್ಪನೆ ಕೂತ. “ಕಟ್ಟು,” ಅಂದ ಅಕ್ಕನಿಗೆ. ಅಕ್ಕ ಕಟ್ಟಿದಳು. ಬಲಗಾಲು. ಎಡಗಾಲು. ಬಕಲ್ ಕೂತ ಸದ್ದು, ಕ್ಲಿಕ್.

ಅವನು ಬಗ್ಗಿದ. ಕೈ ಮೊಣಕಾಲಿಗೆ ಬಂತು. ಅಲ್ಲೇ ನಿಂತಿತು.

“ಒಂದ್ನಿಮಿಷ,” ಅಂದ. ಮತ್ತೆ ಬಗ್ಗಿದ. ಮೊಣಕಾಲು. ಹಣೆಯಲ್ಲಿ ಬೆವರು. ಎಡಗೈ ಎತ್ತಲು ಹೋದ, ಅದು ತೊಡೆಯ ಮೇಲಿಂದ ಏಳಲಿಲ್ಲ. ತನ್ನ ಕೈಯನ್ನೇ ಯಾರದೋ ಕೈ ಅನ್ನುವ ಹಾಗೆ ನೋಡಿದ.

ಆಗ, ಅವನು ತುಳಿಯದೆಯೇ, ಮೀಟರ್ ಹೊತ್ತಿಕೊಂಡಿತು. ಇಪ್ಪತ್ತಾರು ಪಾಯಿಂಟ್ ನಾಲ್ಕು.

ಗರ್ರ್... ಗರ್ರ್... ಟಕ್.

ಇಪ್ಪತ್ತಾರು ಪಾಯಿಂಟ್ ಐದು.

“ಏಯ್... ಏಯ್, ನಿಲ್ಸು!” ಅಂದ. ಯಾರಿಗೆ ಅಂದನೋ. ಅವನ ಕಾಲುಗಳು ಪೆಡಲಿನ ಹಿಂದೆ ಹೋಗುತ್ತಿದ್ದವು, ಪೆಡಲ್ ಕಾಲಿನ ಹಿಂದಲ್ಲ.

ಮಗಳು ಗೋಡೆಯಿಂದ ಅಮ್ಮನ ಚೀಲ ತೆಗೆದುಕೊಂಡಳು. ಧೂಳು ಒರೆಸಿದಳು. ಇಳಿಜಾರು ಹತ್ತಿ ಹೋದಳು. ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಇದು ನಡೆದದ್ದು. ಆಣೆ ಮಾಡಿ ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಕಸ ಗುಡಿಸುವ ಅಮ್ಮ ತಮ್ಮ ಬೀಗದಕೈಯಿಂದ ಬಾಗಿಲು ತೆಗೆದು ಅವನನ್ನು ಬಿಡಿಸಿದರು. ಸೈಕಲ್ ಸರಿಯಿದೆಯಾ ಅಂತ ಪರೀಕ್ಷೆ ಮಾಡುತ್ತಿದ್ದೆ ಅಂತ ಅವನು ಇವತ್ತಿಗೂ ಹೇಳುತ್ತಾನೆ. ಎಡಗಾಲು ಎಳೆದು ನಡೆಯುತ್ತಾನೆ. ನಾನು ನೋಡಿದ್ದೇನೆ, ಕೈಯಲ್ಲಿ ಕೋಲು. ಯಾವ ಡಾಕ್ಟರಿಗೂ ಕಾರಣ ಸಿಕ್ಕಿಲ್ಲ. ಅಕ್ಕನ ಕೆಲಸ ಹೋಯಿತು. ಅವಳು ಸಹಿ ಹಾಕಿದ ಕಾಗದ ಯಾವ ಮೇಜಿನ ಯಾವ ಫೈಲಿನ ಕೆಳಗಿದೆಯೋ, ಕೇಳಿದರೆ ‘ನೋಡ್ತೀವಿ’ ಅನ್ನುತ್ತಾರೆ. ಹನ್ನೊಂದು ಹೆಜ್ಜೆ ನಡೆದು ನೋಡಲಾಗದವರು ನೋಡುತ್ತಾರಂತೆ.

ಆ ಸಂಜೆಯ ಕೊನೆಯ ಭಾಗವನ್ನು ಅಕ್ಕ ಬೇರೆ ಯಾರಿಗೂ ಹೇಳಿಲ್ಲ. ನನಗೂ ದೀಪ ಆರಿಸಿದ ಮೇಲೇ ಹೇಳಿದ್ದು.

ಮಗಳು ಹೋದಮೇಲೆ ಅಕ್ಕ ಬಾಗಿಲ ಹತ್ತಿರ ಬಂದಳು. ಬೀಗ ಮತ್ತು ಬೀಗದಕೈ ಅಲ್ಲೇ ಮೊಳೆಗೆ ನೇತಾಡುತ್ತಿದ್ದವು. ಒಂದು ಕೈ ಮೇನ್ ಸ್ವಿಚ್ ಮೇಲಿಟ್ಟಳು. ಬೀಗ ಹಾಕುವ ಮುಂಚೆ ಏನು ನೋಡಬೇಕು ಅಂತ ಗೋಡೆಯ ಮೇಲೆ ಬರೆದೇ ಇತ್ತು. ನೋಡಿದಳು.

ಕೊಕ್ಕೆಗಳು ಖಾಲಿ. ಒಂದೂ ಕೋಲಿರಲಿಲ್ಲ.

ಗರ್ರ್... ಗರ್ರ್... ಟಕ್. ತಿರುವಿನ ಆಚೆಯಿಂದ ಪಿಸುಮಾತಿಗಿಂತ ಮೇಲೆ ಏಳದ ಒಂದು ದನಿ ಬಂತು. ಗಂಡಸಿನದೇ. ಯಾರನ್ನೂ ಹಾಗೆ ಕರೆದು ಅಭ್ಯಾಸವಿಲ್ಲದ ಬಾಯಿ, ಅರ್ಧ ಜೋತುಬಿದ್ದ ಹಾಗಿತ್ತು:

“ತಾಯೀ... ಸ್ವಲ್ಪ ಪಟ್ಟಿ ಬಿಚ್ತೀಯಾ?”